ಉಪಾಧ್ಯಕ್ಷರು ಮತ್ತು ಉಪ್ಪಿಟ್ಟು

ಮೊನ್ನೆ ತುಮಕೂರಿನ ಸದಾಶಿವನಗರದ ನಮ್ಮ ಬೀದಿಯ ಸಂಘದವರು ನನ್ನನ್ನು ಉಪಾಧ್ಯಕ್ಷನನ್ನಾಗಿ ಆರಿಸಿದರು. ಆರಿಸಲು ಇದ್ದ ಒಂದೇ ಕಾರಣವೆಂದರೆ ನಾನು ಆ ಸಭೆಗೆ ಹೋಗದೆ ಇದ್ದದ್ದು. ಹೋದವರೆಲ್ಲ ಒಬ್ಬರು ಬಿಪಿ ಎಂದು, ಇನ್ನೊಬ್ಬರು ಮಗಳ ಮನೆಯ ಓಡಾಟ ಎಂದು ಜಾರಿಕೊಂಡಿದ್ದಾರೆ. ಆಗ ಯಾರೋ ಪುಣ್ಯಾತ್ಮರು ನನ್ನ ಹೆಸರು ಹೇಳಿದ್ದಾರೆ. ಬೇಡ ಎನ್ನಲು ನಾನು ಅಲ್ಲಿರಲಿಲ್ಲ. ಸಂಜೆ ಕಾರ್ಯದರ್ಶಿಗಳು ಮನೆಗೇ ಬಂದು ಒಂದು ಬ್ಯಾಡ್ಜು ಕೊಟ್ಟು ಹೋದರು. ನೇರಳೆ ರಿಬ್ಬನ್ನನ್ನು ಸೇವಂತಿಗೆಯ ಹಾಗೆ ಸುತ್ತಿ, ನಡುವಿನ ಬಿಳಿ ರಟ್ಟಿನ ಮೇಲೆ ‘ಉಪಾಧ್ಯಕ್ಷರು’ ಎಂದು ಅಚ್ಚು ಹಾಕಿದ್ದರು.

ನನ್ನ ಹೆಂಡತಿ ಅದನ್ನು ತಿರುಗಿಸಿ ನೋಡಿ, “ಪಿನ್ನು ಗಟ್ಟಿಯಾಗೈತೆ, ಸೀರೆಗಾಯ್ತದೆ” ಎಂದು ಪಿನ್ನನ್ನು ಬಿಚ್ಚಿಕೊಂಡಳು. ಉಳಿದ ಹೂವನ್ನು ಟೀವಿಯ ಮೇಲಿಟ್ಟು ಕೇಳಿದಳು:

“ಅಲ್ಲಾ, ಉಪಾಧ್ಯಕ್ಷರು ಅಂದ್ರೆ ಏನ್ರೀ ಕೆಲ್ಸ?”

“ಅಧ್ಯಕ್ಷರು ಇಲ್ದೇ ಇದ್ದಾಗ ಅವ್ರ ಕೆಲ್ಸ ನೋಡ್ಕೊಳ್ಳೋದು.”

“ಅವ್ರು ತರಕಾರಿಗೂ ಗೇಟ್ ದಾಟಲ್ವಲ್ರೀ!”

ಮಾತು ನಿಜವೇ. ಆದರೂ ನನಗೆ ಬೇಸರವಾಗಲಿಲ್ಲ. ಏಕೆಂದರೆ ನಮ್ಮದು ಉಪಾಧ್ಯಕ್ಷರ ವಂಶ. ಕೆಲವು ಮನೆತನಗಳಲ್ಲಿ ಪಟೇಲಿಕೆ ಬರುತ್ತದೆ, ಕೆಲವರಿಗೆ ಶಾನುಭೋಗಿಕೆ. ನಮಗೆ ಬಂದದ್ದು ಪಕ್ಕದ ಕುರ್ಚಿ.

ನಮ್ಮ ತಾತ ಗುಬ್ಬಿ ತಾಲ್ಲೂಕಿನ ನಮ್ಮೂರಿನಲ್ಲಿ ತೆಂಗು ಬೆಳೆಗಾರರ ಸಂಘದ ಉಪಾಧ್ಯಕ್ಷರಾಗಿದ್ದರು. ನನಗೆ ಬುದ್ಧಿ ಬರುವ ಹೊತ್ತಿಗೆ ಆಗಲೇ ಆಗಿದ್ದರು. ನನಗೆ ಮೀಸೆ ಬಂದಾಗಲೂ ಆಗಿಯೇ ಇದ್ದರು. ಅಧ್ಯಕ್ಷರು ಬದಲಾಗುತ್ತಿದ್ದರು. ಅವರ ಮೇಲೆ ಸಿಟ್ಟಾಗಲು ಊರಿಗೆ ಏನಾದರೊಂದು ಸಿಗುತ್ತಿತ್ತು. ಉಪಾಧ್ಯಕ್ಷರ ಮೇಲೆ ಸಿಟ್ಟಾಗಬೇಕಾದರೆ ಅವರು ಏನಾದರೂ ಮಾಡಿರಬೇಕಲ್ಲ! ದೇಶದ ಉಪರಾಷ್ಟ್ರಪತಿಗಳಿಗಾದರೂ ರಾಜ್ಯಸಭೆ ನಡೆಸುವ ಕೆಲಸವಿದೆ. ನಮ್ಮ ತಾತನಿಗೆ ಅಂಥ ತೊಂದರೆಯೂ ಇರಲಿಲ್ಲ. ಅಧ್ಯಕ್ಷರು ಸಭೆಗೆ ಬಾರದಿದ್ದರೆ, ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ, ಅವರ ಕೈಕುರ್ಚಿಯ ಮೇಲೆ ಯಾರಾದರೂ ಒಂದು ಟವೆಲ್ ಹಾಕುತ್ತಿದ್ದರು. ತಾತ ಪಕ್ಕದ ಕೈಯಿಲ್ಲದ ಕುರ್ಚಿಯಲ್ಲಿ ಕೂರುತ್ತಿದ್ದರು. ಟವೆಲ್ಲಿನ ಘನ ಅಧ್ಯಕ್ಷತೆಯಲ್ಲಿ ಸಭೆ ನಡೆಯುತ್ತಿತ್ತು. ಏನು ಕೇಳಿದರೂ ತಾತ ಒಮ್ಮೆ ಟವೆಲ್ಲಿನ ಕಡೆ ನೋಡಿ, “ಅವ್ರು ಬರ್ಲಿ, ನೋಡಾನ” ಎನ್ನುತ್ತಿದ್ದರು.

ಆದರೆ ತಾತನಿಗೆಂದೇ ಮೀಸಲಾಗಿದ್ದ ಒಂದು ಗಳಿಗೆ ಇತ್ತು. ಅದು ವಂದನಾರ್ಪಣೆ. ಆಗ ಅವರು ಪಂಚೆ ಸರಿಮಾಡಿಕೊಂಡು ಎದ್ದು ನಿಂತರೆಂದರೆ ಅಧ್ಯಕ್ಷರೇನು, ಗುಬ್ಬಿಯಿಂದ ಬಂದ ಅಮಲ್ದಾರರೂ ಸಣ್ಣಗೆ ಕಾಣುತ್ತಿದ್ದರು. “ಕರೆದಾಗ ಬಂದಂಥ ಮಹನೀಯರಿಗೂ, ಕರೆಯದಿದ್ದರೂ ಬಂದಂಥ ಮಹನೀಯರಿಗೂ, ಜಮಖಾನ ಕೊಟ್ಟಂಥ ಮಠದವರಿಗೂ, ಅದನ್ನು ಕೊಡವಿ ಹಾಸಿದವರಿಗೂ, ಇಷ್ಟು ಹೊತ್ತು ಸುರಿಯದೆ ತಡೆದುಕೊಂಡಂಥ ಮಳೆರಾಯನಿಗೂ, ಮಾತಾಡಿದವರಿಗೂ, ಮಾತಾಡದೆ ಉಪಕಾರ ಮಾಡಿದವರಿಗೂ…” ಹೀಗೆ ಸಾಗುತ್ತಿತ್ತು. ನನಗೆ ಕನ್ನಡ ಬಂದದ್ದು ಶಾಲೆಯಿಂದಲ್ಲ, ಈ ‘ಅಂಥ’ಗಳಿಂದ.

ಜನ ಅದನ್ನು ಅಷ್ಟು ಭಕ್ತಿಯಿಂದ ಕೇಳುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ನಮ್ಮ ಕಡೆ ವಂದನಾರ್ಪಣೆಯ ಹಿಂದೆಯೇ ಉಪ್ಪಿಟ್ಟು ಬರುತ್ತದೆ. ತಾತ ‘ಮಳೆರಾಯ’ನ ಹತ್ತಿರ ಬರುವಷ್ಟರಲ್ಲಿ ಬಾಗಿಲ ಕಡೆ ಕೂತವರು ಒಂದು ಕಾಲು ಮಡಚಿ ಸಿದ್ಧರಾಗಿರುತ್ತಿದ್ದರು. ಕೊನೆಯ ‘ವಂದನೆಗಳು’ ಬಾಯಿಂದ ಬಿದ್ದದ್ದೇ ತಡ, ಜಮಖಾನ ಖಾಲಿ.

ನಾನೂ ನನ್ನ ತಂಗಿ ಸಿದ್ಗಂಗಮ್ಮನೂ ಜಗಲಿಯ ಮೇಲೆ ಸಭೆಯ ಆಟ ಆಡುತ್ತಿದ್ದೆವು. ಅಣ್ಣನಾದ್ದರಿಂದ ನಾನು ಅಧ್ಯಕ್ಷ. ಅವಳು ಉಪಾಧ್ಯಕ್ಷೆ. ನಾನು ಸುಮ್ಮನೆ ಕೂರುತ್ತಿದ್ದೆ. ಅವಳು ತಾತನ ಹಾಗೆಯೇ ಕೆಮ್ಮಿ, ಎಮ್ಮೆಗೂ ಕರುವಿಗೂ ಸೇರಿಸಿ ವಂದನೆ ಹೇಳುತ್ತಿದ್ದಳು. ಆಮೇಲೆ ಇಬ್ಬರೂ ಅವ್ವನ ಹತ್ತಿರ ಉಪ್ಪಿಟ್ಟು ಕೇಳಿ ಬೈಸಿಕೊಳ್ಳುತ್ತಿದ್ದೆವು.

ಈಗ ಕಾಲ ಎಷ್ಟು ಬದಲಾಗಿದೆ ನೋಡಿ. ಬಟವಾಡಿಯಲ್ಲಿ ನನ್ನ ಷಡ್ಡಕನ ಮನೆಯ ಮಹಡಿಯಲ್ಲಿ ಒಬ್ಬ ಹುಡುಗ ಬಾಡಿಗೆಗಿದ್ದಾನೆ, ಯಾವುದೋ ಬ್ಯಾಂಕಿನ ಕೆಲಸ. ಹೋದ ತಿಂಗಳು ತಾನು ವೈಸ್ ಪ್ರೆಸಿಡೆಂಟ್ ಎಂದು ಹೇಳಿದ. ತಾತನ ನೆನಪಾಗಿ ನಾನು ಥಟ್ಟನೆ ಎದ್ದು ನಿಂತೆ.

“ಕೂತ್ಕೊಳಿ ಅಂಕಲ್. ನಮ್ ಫ್ಲೋರಲ್ಲೇ ಎಷ್ಟೋ ಜನ ಇದೀವಿ.”

“ಎಲ್ರೂ ವೈಸ್ ಪ್ರೆಸಿಡೆಂಟೇನಪ್ಪ?”

“ಹೂಂ ಅಂಕಲ್. ಬೆಳಿಗ್ಗೆಯಿಂದ ರಾತ್ರಿವರ್ಗೂ ಕತ್ತೆ ಚಾಕ್ರಿ.”

“ಮತ್ತೆ ವಂದನಾರ್ಪಣೆ ಯಾರು ಮಾಡ್ತಾರೆ?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೆಲಸ ಮಾಡುವ ಉಪಾಧ್ಯಕ್ಷರೂ ಲೋಕದಲ್ಲಿ ಇದ್ದಾರೆ ಎಂಬುದು ನನಗೂ ಹೊಸದಾಗಿರಲಿಲ್ಲ ಅನ್ನಿ. ಅದನ್ನು ನಾನು ಹೋದ ಬೇಸಿಗೆಯಲ್ಲೇ ಕಣ್ಣಾರೆ ನೋಡಿದ್ದೆ, ನಮ್ಮ ಮನೆತನದಲ್ಲೇ.

ತಂಗಿಯನ್ನು ಕೊಟ್ಟಿರುವುದು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆಯ ಒಂದು ಹಳ್ಳಿಗೆ. ಅಲ್ಲಿಯ ಹಾಲು ಉತ್ಪಾದಕರ ಸಂಘಕ್ಕೆ ಅವಳು ಉಪಾಧ್ಯಕ್ಷೆ. ಸಂಘ ಎಂದರೆ ಯಾರಿಗೂ ತಿಳಿಯುವುದಿಲ್ಲ, ಡೈರಿ ಎನ್ನಬೇಕು. ಅಧ್ಯಕ್ಷರು ಚನ್ನಬಸವಯ್ಯ. ‘ಸಿದ್ಗಂಗಮ್ಮ ಮಾತಿಲ್ಲದ ಹೆಂಗ್ಸು, ವಂದನಾರ್ಪಣೆ ಒಂದು ಚೆನ್ನಾಗಿ ಮಾಡ್ತಾಳೆ’ ಎಂದು ಅವರೇ ಪಟ್ಟು ಹಿಡಿದು ಮಾಡಿಸಿದ್ದು. ಅವಳೂ ಅಷ್ಟನ್ನೇ ಮಾಡಿಕೊಂಡು ಬಂದಿದ್ದಳು.

ಮೊಮ್ಮಗಳ ನಾಮಕರಣಕ್ಕೆ ಕರೆಯಲು ನಾನು ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿಕೊಂಡು ಅವಳ ಮನೆ ತಲುಪಿದಾಗ ಬೆಳಗಿನ ಬಿಸಿಲು ಚುರುಕಾಗಿತ್ತು. ಕುಂಕುಮದ ಬಟ್ಟಲು ಕೊಡುವ ಮೊದಲೇ ಅವಳು ಶುರುಮಾಡಿದಳು:

“ಒಳ್ಳೆ ದಿನ ಬಂದೆ ಕಣಣ್ಣಯ್ಯ. ಇವತ್ತು ನಮ್ ಡೈರಿ ಉಳೀತದೋ ಇಲ್ವೋ ನೋಡ್ಕಂಡೇ ಹೋಗು.”

ಸಂಗತಿ ಇಷ್ಟು. ಬೇಸಿಗೆಯಲ್ಲಿ ಸಂಜೆ ಹಾಲನ್ನು ಒಯ್ಯುವ ಲಾರಿ ಬರುವುದು ತಡವಾಗಿ ಹಾಲು ಒಡೆದು ಹೋಗುತ್ತಿತ್ತು. ಆ ಸುತ್ತಿನ ಹಳ್ಳಿಗಳಿಗೆಲ್ಲ ಸೇರಿ ಹಾಲು ತಣ್ಣಗಿಡುವ ಒಂದು ದೊಡ್ಡ ಕೂಲರ್ ಮಂಜೂರಾಗಿತ್ತು. ಅದು ಇವರ ಊರಿಗೆ ಬರಬೇಕು, ಇಲ್ಲವೇ ಕೆರೆಯಾಚೆಯ ಪಕ್ಕದೂರಿಗೆ. ಅಲ್ಲಿಗೆ ಹೋದರೆ ಇವರ ಡೈರಿಯಲ್ಲಿ ಸಂಜೆ ಹಾಲು ತೆಗೆದುಕೊಳ್ಳುವುದೇ ನಿಂತಂತೆ. ಹಾಲು ಕರೆದ ಹೆಂಗಸರು ಮುಸ್ಸಂಜೆಯಲ್ಲಿ ಕ್ಯಾನು ಹೊತ್ತು ಕೆರೆ ಏರಿಯ ಮೇಲೆ ಅಷ್ಟು ದೂರ ನಡೆಯಬೇಕು. ತುಮಕೂರಿನಿಂದ ಹಾಲು ಒಕ್ಕೂಟದ ಸಾಹೇಬರು ಅದೇ ದಿನ ಜಾಗ ನೋಡಲು ಬರುವವರಿದ್ದರು.

“ಜಾಗ ಇಲ್ವೇನೇ?”

“ಐತೆ. ಡೈರಿ ಹಿಂದ್ಗಡೆ ನಮ್ದೇ ಜಾಗ. ಅದ್ರ ಮೇಲೆ ಅಧ್ಯಕ್ಷರ ಮೆದೆ ಕೂತೈತೆ.”

ಒಂದು ಸುಗ್ಗಿಯ ಮಟ್ಟಿಗೆ ಎಂದು ಚನ್ನಬಸವಯ್ಯನವರು ತಮ್ಮ ರಾಗಿ ಹುಲ್ಲಿನ ಮೆದೆಯನ್ನು ಡೈರಿಯ ಹಿತ್ತಲಲ್ಲಿ ಒಟ್ಟಿಸಿದ್ದರಂತೆ. ಆಮೇಲೆ ಪ್ರತಿ ಸುಗ್ಗಿಗೂ ಅದು ಅಲ್ಲೇ ಏಳತೊಡಗಿತು. ಮನುಷ್ಯ ಕೆಟ್ಟವರಲ್ಲ, ಆದರೆ ಅಧ್ಯಕ್ಷರ ಮೆದೆ ತೆಗೆಯಿರಿ ಎಂದು ಹೇಳುವವರು ಯಾರು? ಅವರೂ ಜಾಣರು. ಸಾಹೇಬರು ಬರುವ ದಿನವೇ ಬೆಂಗಳೂರಿನ ನೆಂಟರ ಗೃಹಪ್ರವೇಶಕ್ಕೆ ಬೆಳಗಿನ ಬಸ್ಸು ಹಿಡಿದಿದ್ದರು. “ನಾನು ಬಂದ್ಮೇಲೆ ಸಭೆ ಮಾಡಾನ” ಎಂದು ಹೇಳಿ ಹೋಗಿದ್ದರು.

ಡೈರಿಯ ಮುಂದಿನ ಕೋಣೆಯಲ್ಲಿ ನಿರ್ದೇಶಕರು ಸೇರಿದ್ದರು. ಹಾಲು ಹಾಕುವ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಅಧ್ಯಕ್ಷರ ಕುರ್ಚಿಯ ಮೇಲೆ ಏನಿತ್ತು ಎಂದು ನಾನು ಹೇಳಬೇಕೆ? ಅಂಚಿಗೆ ಕೆಂಪು ಗೆರೆಯಿದ್ದ ಬಿಳಿ ಟವೆಲ್! ಸಾಹೇಬರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಚಿಕ್ಕ ವಯಸ್ಸಿನವರು. ನೇರವಾಗಿ ಹೇಳಿದರು:

“ಜಾಗ ತೋರಿಸಿ, ಠರಾವು ಮಾಡಿ ಕೊಡಿ, ಇಲ್ಲೇ ಬರುತ್ತೆ. ಇಲ್ಲಾಂದ್ರೆ ಮಧ್ಯಾಹ್ನ ಕೆರೆಯಾಚೆ ಊರಿಗೆ ಹೋಗ್ತೀನಿ. ಅವ್ರು ಜಾಗ ಗುಡಿಸಿ ರಂಗೋಲಿ ಬಿಟ್ಕೊಂಡು ಕೂತಿದಾರೆ.”

ಎಲ್ಲರೂ ಟವೆಲ್ಲಿನ ಕಡೆ ನೋಡಿದರು. ಟವೆಲ್ ಏನೂ ಹೇಳಲಿಲ್ಲ.

ಆಗ ನನ್ನ ತಂಗಿ ಎದ್ದು ನಿಂತಳು. ಸಭೆ ಶುರುಮಾಡಲು ಅವಳು ಅದುವರೆಗೆ ಎಂದೂ ಎದ್ದವಳಲ್ಲ. ಎದ್ದು ನಿಂತು ಗೊತ್ತಿದ್ದದ್ದು ಒಂದೇ ಕೆಲಸಕ್ಕೆ. ಕೆಮ್ಮಿದಳು. ಬಾಯಿ ತೆರೆದಳು. ಬಂತು ನೋಡಿ, ನಮ್ಮ ತಾತನ ದನಿ:

“ಕರೆದಾಗ ಬಂದಂಥ ಮಹನೀಯರಿಗೂ, ಕರೆಯದಿದ್ದರೂ ಬಂದಂಥ ಮಹನೀಯರಿಗೂ, ತುಮಕೂರಿನಿಂದ ಬಿಸಿಲಲ್ಲಿ ದಯಮಾಡಿಸಿದಂಥ ಸಾಹೇಬರಿಗೂ…”

ನಿಲ್ಲಿಸೇ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಗಾಡಿ ಇಳಿಜಾರಿಗೆ ಬಿದ್ದಾಗಿತ್ತು. ನೆಲ, ಜಲ, ಹಸು, ಕರು ಎಲ್ಲವನ್ನೂ ದಾಟಿ ‘ವಂದನೆಗಳು’ ಎಂಬಲ್ಲಿಗೆ ಬಂದು ನಿಂತಿತು. ನಿಂತದ್ದೇ ತಡ, ನಿರ್ದೇಶಕರು ದಡಕ್ಕನೆ ಎದ್ದರು. ಹೊರಗೆ ಹೊಂಗೆ ಮರದ ಕೆಳಗೆ ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಅದೇನು ರೂಢಿಯೋ, ಸಾಹೇಬರೂ ಎದ್ದು ಸಾಲಿನಲ್ಲಿ ನಿಂತರು. ಅಧ್ಯಕ್ಷರ ಕಡೆಯವನಾದ ಕಾರ್ಯದರ್ಶಿ ಮುದ್ದಲಿಂಗಪ್ಪ ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡ. ಒಳಗೆ ಉಳಿದದ್ದು ನಾನು, ನನ್ನ ತಂಗಿ, ಟವೆಲ್.

“ಅಯ್ಯೋ ಅಣ್ಣಯ್ಯ, ನಾನೇನಂದೆ?”

“ವಂದನಾರ್ಪಣೆ ಮಾಡ್ಬಿಟ್ಟೆ ಕಣೇ.”

ಅಳುತ್ತಾಳೇನೋ ಎಂದುಕೊಂಡೆ. ಬಾಗಿಲಾಚೆ ಸಾಲು ಬೆಳೆಯುತ್ತಿತ್ತು. ತಟ್ಟೆ ಖಾಲಿಯಾದರೆ ಸಾಹೇಬರು ಹೆಲ್ಮೆಟ್ ಹಾಕಿಕೊಳ್ಳುತ್ತಾರೆ, ಅಷ್ಟೇ ಹೊತ್ತು ಉಳಿದಿರುವುದು. ಸಿದ್ಗಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸರಸರ ಹೊರಗೆ ಹೋದಳು. ಬಡಿಸಲು ನಿಂತಿದ್ದ ತಿಮ್ಮಕ್ಕನ ಕೈಯಿಂದ ಸೌಟು ತೆಗೆದುಕೊಂಡು ಪಾತ್ರೆಯ ಹಿಂದೆ ನಿಂತಳು.

“ತಟ್ಟೆ ಹಿಡ್ಕಂಡು ಹಂಗೇ ನಿಂತ್ಕಳಿ ಎಲ್ರೂವೆ. ಸಭೆ ಇನ್ನೂ ಐತೆ.”

ಮುದ್ದಲಿಂಗಪ್ಪ ನಕ್ಕ. “ಅಕ್ಕಾ, ಮುಗ್ದೋಯ್ತು. ವಂದನಾರ್ಪಣೆ ಆದ್ಮೇಲೆ ತೀರ್ಮಾನ ಮಾಡಂಗಿಲ್ಲ.”

“ವಂದನಾರ್ಪಣೆ ಯಾರ ಕೆಲ್ಸ ಮುದ್ಲಿಂಗಪ್ಪ?”

“ಉಪಾಧ್ಯಕ್ಷರ್ದು.”

“ಉಪಾಧ್ಯಕ್ಷೆ ಮಾಡಿದ್ಳು, ಅವಳ ಕೆಲ್ಸ ಆಯ್ತು. ಸಭೆ ಮುಗೀತು ಅಂತ ಹೇಳಾದು ಯಾರು?”

“ಅಧ್ಯಕ್ಷರು.”

“ಅವ್ರು ಗೃಹಪ್ರವೇಶದಾಗವ್ರೆ. ಅವ್ರಿಲ್ದಾಗ ಅವ್ರ ಕೆಲ್ಸ ಯಾರು ಮಾಡ್ಬೇಕು?”

ಮುದ್ದಲಿಂಗಪ್ಪನ ನಗು ಅರ್ಧಕ್ಕೆ ನಿಂತಿತು. ಸಾಹೇಬರ ಕಡೆ ನೋಡಿದ, ಉಪ್ಪಿಟ್ಟಿನ ಕಡೆ ನೋಡಿದ. “ನೀವೇಯ” ಎಂದ, ತೀರಾ ಮೆಲ್ಲಗೆ.

“ನಾನು ಮುಗೀತು ಅಂದ್ನಾ?”

ಸಾಹೇಬರು ಖಾಲಿ ತಟ್ಟೆಯನ್ನು ಬಡಿದು ನಕ್ಕರು. “ಕಾನೂನು ಪ್ರಕಾರ ಸರಿಯಾಗೇ ಇದೆ ಕಣ್ರೀ. ಪುಸ್ತಕ ಬಿಚ್ಚಿ.”

ಒಂದೇ ಹೆಂಗಸಿನೊಳಗೆ ಉಪಾಧ್ಯಕ್ಷೆಯೂ ಅಧ್ಯಕ್ಷೆಯೂ ಇಬ್ಬರೂ ಇದ್ದಾರೆ, ಮೊದಲನೆಯವಳು ತಪ್ಪಿದರೆ ಎರಡನೆಯವಳು ಬಂದು ಕೈ ಹಿಡಿಯಬಲ್ಲಳು! ತಾತನಿಗೆ ಇದು ಗೊತ್ತಿದ್ದಿದ್ದರೆ ಗುಬ್ಬಿ ತಾಲ್ಲೂಕಿನ ತೆಂಗಿನ ಚರಿತ್ರೆಯೇ ಬೇರೆಯಾಗುತ್ತಿತ್ತೋ ಏನೋ.

“ಉಪ್ಪಿಟ್ಟು ಆರಾದ್ರೊಳ್ಗೆ ಹೇಳ್ತೀನಿ” ಎಂದು ಅವಳು ಸೌಟನ್ನು ಹಿತ್ತಲ ಕಡೆ ಚಾಚಿದಳು. “ಆ ಜಾಗ ಡೈರೀದು. ಮೇಲಿರೋ ಮೆದೆ ಚನ್ನಬಸವಣ್ಣಂದು. ಜಾಗ ಕೂಲರ್‌ಗೆ ಕೊಡಾನ, ಮೆದೇನ ಅವ್ರ ಹಿತ್ಲಿಗೆ ನಾವೇ ಸಾಗ್ಸಾನ. ಇವತ್ತೇ, ಈಗ್ಲೇ. ಒಪ್ಗೆ ಇರೋ ನಿರ್ದೇಶಕರು ಕೈ ಎತ್ತಿ.”

ಎಲ್ಲರಿಗಿಂತ ಹಿರಿಯ ನಿರ್ದೇಶಕ ದೊಡ್ಡಯ್ಯ ಗೊಣಗಿದರು: “ಅಧ್ಯಕ್ಷರ್ನ ಕೇಳ್ದೆ ಅವ್ರ ಮೆದೆ ಮುಟ್ಟಾದು ಹೆಂಗವ್ವ?”

ಸೌಟು ಕಳೆದುಕೊಂಡು ಸುಮ್ಮನೆ ನಿಂತಿದ್ದ ತಿಮ್ಮಕ್ಕ ತಟ್ಟನೆ ಕೇಳಿದಳು: “ಮೊನ್ನೆ ನನ್ ಹಾಲು ಯಾರ್ನ ಕೇಳಿ ಒಡೀತು ದೊಡ್ಡಯ್ಯ?”

ಬಾಗಿಲಲ್ಲಿದ್ದ ಹೆಂಗಸರೆಲ್ಲ ‘ಹಂಗ್ ಕೇಳು’ ಎಂದು ಗೊಳ್ಳೆಂದರು. ಒಂದು ಕೈ ಮೇಲೆದ್ದಿತು. ಇನ್ನೊಂದು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಗಾಳಿಯಲ್ಲಿ. ದೊಡ್ಡಯ್ಯನವರ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ನೀರಿನ ಲೋಟ. ಅತ್ತ ಇತ್ತ ನೋಡಿ, “ತಗಳಿ ಬೀಗ್ರೆ, ವಸಿ ಹಿಡ್ಕಳಿ” ಎಂದು ಲೋಟವನ್ನು ನನ್ನ ಕೈಗೆ ಕೊಟ್ಟು ಅವರೂ ಕೈ ಎತ್ತಿದರು. ಆ ಐತಿಹಾಸಿಕ ಠರಾವಿನಲ್ಲಿ ನನ್ನ ಪಾಲು ಆ ಲೋಟ. ಸಿದ್ಗಂಗಮ್ಮ ಎಲ್ಲರ ಕೈಯನ್ನೂ ನೋಡಿ, ಮುದ್ದಲಿಂಗಪ್ಪ ಬರೆದದ್ದನ್ನು ಓದಿಸಿ, ಆಮೇಲೆ ಸಾಹೇಬರ ತಟ್ಟೆಗೆ ಮೊದಲ ಸೌಟು ಹಾಕಿದಳು.

ಮುಂದಿನದು ನೋಡಬೇಕಾದ ನೋಟ. ಉಪ್ಪಿಟ್ಟು ತಿಂದ ಕೈಗಳೆಲ್ಲ ಮೆದೆಗೆ ಬಿದ್ದವು. ನಿಮಗೆ ಗೊತ್ತಿರಬಹುದು, ಮೆದೆ ಕೀಳುವುದು ಸುಲಭ, ಒಟ್ಟುವುದು ಕಷ್ಟ. ನೆತ್ತಿ ಚೂಪಾಗಿ ಬರದಿದ್ದರೆ ಮಳೆ ನೀರು ಒಳಗಿಳಿದು ಹುಲ್ಲು ಮುಗ್ಗುತ್ತದೆ. ಅಧ್ಯಕ್ಷರ ಹುಲ್ಲಿನ ಒಂದು ಎಳೆಯೂ ಹಾಳಾಗಬಾರದು ಎಂದು ಸಿದ್ಗಂಗಮ್ಮ ಕಟ್ಟಪ್ಪಣೆ ಮಾಡಿದ್ದಳು. ಹೆಂಗಸರು ಹೊರೆ ಹೊತ್ತು ಸಾಗಿಸಿದರು, ಚನ್ನಬಸವಯ್ಯನವರ ಹಿತ್ತಲಲ್ಲಿ ತಂಗಿಯ ಯಜಮಾನರೇ ನಿಂತು ಒಟ್ಟಿದರು. ನಾನೂ ಒಂದು ಹೊರೆ ಹೊತ್ತೆ. ಕತ್ತಿನೊಳಗೆ ಹೋದ ಹುಲ್ಲು ತುಮಕೂರಿನವರೆಗೂ ನನ್ನನ್ನು ಕೆರೆಸಿತು. ಬಿಸಿಲು ಇಳಿಯುವ ಮೊದಲೇ ಬಯಲಾದ ಜಾಗವನ್ನು ಸಾಹೇಬರು ಟೇಪು ಹಿಡಿದು ಅಳೆದು, “ಸಾಕಾದಷ್ಟಿದೆ” ಎಂದು ಹೆಲ್ಮೆಟ್ ಹಾಕಿಕೊಂಡರು. ಬೈಕು ಕೆರೆಯ ಕಡೆ ತಿರುಗದೆ ನೇರ ಕುಣಿಗಲ್ ರಸ್ತೆ ಹಿಡಿಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಉಸಿರು ಬಿಗಿಹಿಡಿದಿದ್ದ ಹೆಂಗಸರು ಆಮೇಲೆ ಹಾಕಿದ ಕೂಗು ಹುಲಿಯೂರುದುರ್ಗದ ಬೆಟ್ಟಕ್ಕೂ ಕೇಳಿರಬೇಕು.

ಸಂಜೆ ಬಸ್ಸಿಳಿದ ಚನ್ನಬಸವಯ್ಯನವರು ಮೊದಲು ಡೈರಿಯ ಹಿತ್ತಲು ನೋಡಿದರು, ಆಮೇಲೆ ತಮ್ಮ ಹಿತ್ತಲು. ಮೆದೆಯ ಸುತ್ತ ಒಂದು ಸುತ್ತು ಬಂದರು. ಗುಂಪು ಕೂಡಿತ್ತು. ನನ್ನ ತಂಗಿ ಎದುರಿಗೇ ನಿಂತಿದ್ದಳು.

“ಯಾರು ಒಟ್ಟಿದ್ದು?”

“ನಮ್ಮನೆಯವ್ರು ಕಣಣ್ಣ.”

ಅವರು ಕತ್ತೆತ್ತಿ ನೆತ್ತಿಯನ್ನು ನೋಡಿದರು. “ನಮ್ಮಾಳು ಒಟ್ಟಿದ್ದಕ್ಕಿಂತ ಚೆನ್ನಾಗಿ ಕೂತೈತೆ” ಎಂದರು. ಮೆದೆಯನ್ನು ಒಮ್ಮೆ ತಟ್ಟಿ, “ನಂಗೂ ಎಲ್ಲಿಗೆ ಸಾಗ್ಸಾದು ಅನ್ನಾದೇ ಹೊಳೀದಂಗಾಗಿತ್ತು ಬುಡವ್ವ” ಎಂದು ಒಳಗೆ ಹೋದರು. ಅಷ್ಟೇ. ಮನುಷ್ಯ ಕೆಟ್ಟವರಲ್ಲ ಎಂದು ನಾನು ಆಗಲೇ ಹೇಳಲಿಲ್ಲವೇ?

ಮಳೆಗಾಲದ ಹೊತ್ತಿಗೆ ಕೂಲರ್ ಬಂತು. ಶುರುವಾಗುವ ದಿನ ನನ್ನನ್ನೂ ಕರೆಸಿಕೊಂಡರು. ಚನ್ನಬಸವಯ್ಯನವರು ರಿಬ್ಬನ್ನು ಕತ್ತರಿಸಿ ಗುಂಡಿ ಒತ್ತಿದರು, ಮೋಟಾರು ಗುಂಯ್ ಎಂದಿತು. ತಿಮ್ಮಕ್ಕನ ಹಾಲು ಮೊದಲು ಒಳಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಸಿದ್ಗಂಗಮ್ಮ ಮಾತ್ರ ಕೆರೆಯ ಕಡೆಯೇ ನೋಡುತ್ತಿದ್ದಳು.

“ಏನೇ ಅದು?”

“ಆಚೆ ಊರವ್ರು ಇನ್ಮೇಲೆ ಇಲ್ಲಿಗೇ ತರ್ಬೇಕಲ್ಲ ಅಣ್ಣಯ್ಯ. ನಾವು ನಡೀಬಾರ್ದು ಅಂತಾನೇ ಇಷ್ಟೆಲ್ಲಾ ಮಾಡಿದ್ದು. ಈಗ ಅವ್ರು ನಡೀಬೇಕಾ?”

ಆ ಊರಿನವರು ಅಂದಿನ ಸಭೆಯ ಸುದ್ದಿ ಕೇಳಿ ಇವಳಿಗೆ ಹಿಡಿಶಾಪ ಹಾಕಿದ್ದರಂತೆ. ಅದನ್ನು ನೆನಪಿಸಿದೆ. “ನಾನಾಗಿದ್ರೂ ಹಾಕ್ತಿದ್ದೆ ಬುಡು” ಎಂದಳು. ಹಾಲಿನ ಕ್ಯಾನು ಸಾಗಿಸುವ ಗೂಡ್ಸ್ ಆಟೋ ಒಂದನ್ನು ಅವಳು ಮೊದಲೇ ಗೊತ್ತುಮಾಡಿ ನಿಲ್ಲಿಸಿದ್ದಳು; ಅಧ್ಯಕ್ಷರನ್ನು ಕೇಳಿಯೇ ಮಾಡಿದ್ದು, ಅವರು ಹೂಂ ಎಂದದ್ದೂ ಆಗಿತ್ತು. ಡ್ರೈವರ್ ಪಕ್ಕ ತಾನು ಹತ್ತಿ ಕೂತು ಕತ್ತು ಹೊರಗೆ ಹಾಕಿ ಕೂಗಿದಳು:

“ಬಾರಣ್ಣಯ್ಯ, ಹಿಂದೆ ಜಾಗ ಐತೆ.”

ಹೊಸ ಬಿಳಿ ಪಂಚೆ ಎತ್ತಿಕಟ್ಟಿ ಹಿಂದೆ ಹತ್ತಿ ಕ್ಯಾನುಗಳ ನಡುವೆ ಕೂತೆ. ಆಟೋ ಕೆರೆ ಏರಿಯ ಮೇಲೆ ಕುಲುಕುತ್ತಾ ಹೊರಟಿತು. ಆಚೆ ಊರಿನ ಹೆಂಗಸರು ಹೊತ್ತ ಕ್ಯಾನು ಇಳಿಸದೆ ಅರ್ಧ ದಾರಿಗೇ ಬಂದುಬಿಟ್ಟಿದ್ದರು. ನಮ್ಮನ್ನು ಕಂಡು ನಿಂತರು. ಸಿದ್ಗಂಗಮ್ಮ ಕೆಳಗಿಳಿದು, ಮುಂದಿದ್ದವಳ ತಲೆಯ ಮೇಲಿನ ಕ್ಯಾನಿಗೆ ತಾನೇ ಕೈ ಕೊಟ್ಟಳು. ಒಂದು ಗಳಿಗೆ ಆ ಹೆಂಗಸು ಬಿಗಿಯಾಗಿ ಹಿಡಿದುಕೊಂಡಿದ್ದಳು, ಆಮೇಲೆ ಬಿಟ್ಟಳು. ಹೋಗುವಾಗ ಖಾಲಿ ಕ್ಯಾನುಗಳು ಕೆರೆಯ ಕೊಕ್ಕರೆಗಳೆಲ್ಲ ಹಾರುವಷ್ಟು ಗದ್ದಲ ಮಾಡಿದ್ದವು. ಬರುವಾಗ ಹಾಲು ತುಂಬಿಕೊಂಡಿದ್ದವು, ಒಂದೂ ಸದ್ದು ಮಾಡಲಿಲ್ಲ.